ಕೊಂಡವಾಡದ ಜೋಡೆತ್ತು

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದೆಂದು ಈಗ ಒಂದು ತಿಂಗಳಿಂದ ಎಲ್ಲರೂ ನನಗೆ ಹೇಳುತ್ತಿದ್ದಾರೆ. ಹೇಳುವುದು ಸುಲಭ. ಸತ್ತವನು ಅವರ ಗೆಳೆಯನಾಗಿದ್ದರೆ ಅವರೂ ನನ್ನ ಹಾಗೆಯೇ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಹಲ್ಲು ಕಡಿಯುತ್ತ ಕೂಡುತ್ತಿದ್ದರು. ನನ್ನದು ಬೇಗ ಬಂದು ಬೇಗ ಹೋಗುವ ಸಿಟ್ಟಲ್ಲ. ಬರುವುದಕ್ಕೇ ಅದಕ್ಕೆ ಎರಡು ದಿನ ಬೇಕು. ಒಮ್ಮೆ ಬಂದರೆ ಮಾತ್ರ ಬೀಗರ ಹಾಗೆ, ಹೊರಡುವ ಮಾತನ್ನೇ ಆಡುವುದಿಲ್ಲ. ನಮ್ಮ ಸೋದರಮಾವ ನನ್ನ ಮದುವೆಯಲ್ಲಿ ಎರಡನೆಯ ಪಂಕ್ತಿಗೆ ನನ್ನನ್ನು ಕೂಡಿಸಿದ್ದ. ಅವನ ಮೇಲಿನ ಸಿಟ್ಟು ಇವತ್ತಿಗೂ ನನ್ನ ಹತ್ತಿರ ಹೊಚ್ಚ ಹೊಸದಾಗಿದೆ. ಮದುಮಗನನ್ನು ಎರಡನೆಯ ಪಂಕ್ತಿಗೆ ಕೂಡಿಸುವುದೆಂದರೇನು?

ಸತ್ತ ಗೆಳೆಯ ಮಕ್ತುಮಸಾಬನದು ಬೇರೆ ಮಣ್ಣು. ಗಜೇಂದ್ರಗಡದಲ್ಲಿ ನನ್ನ ಮಗ್ಗಕ್ಕೆ ನೂಲು ಅದ್ದಿಕೊಡುತ್ತಿದ್ದವನು ಅವನೇ. ನಾನು ನೇಕಾರ, ಅವನು ಬಣ್ಣಗಾರ. ಹುಟ್ಟಿದಾಗಿನಿಂದ ನೀಲಿ ಹಂಡೆಯಲ್ಲೇ ಆಡಿದವನಂತೆ ಮೊಳಕೈವರೆಗೆ ನೀಲಿ. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅವನು ರೊಟ್ಟಿ ಮುರಿಯುವುದನ್ನು ಮೊದಲ ಸಲ ನೋಡಿದವರು ಕೃಷ್ಣದೇವರೇ ಊಟಕ್ಕೆ ಬಂದನೆಂದುಕೊಳ್ಳಬೇಕು, ಅಷ್ಟು ನೀಲಿ. ಸಿಟ್ಟು ಅವನಿಗೆ ಬರುತ್ತಲೇ ಇರಲಿಲ್ಲ. ಅವನ ಪಾಲಿನದನ್ನೂ ನಾನೇ ಮಾಡಬೇಕಾಗುತ್ತಿತ್ತು.

ಆರು ವರ್ಷದ ಹಿಂದೆ, ಸುಗ್ಗಿ ಮುಗಿದ ಮೇಲೆ, ನಮ್ಮೂರಿಗೆ ಸಿನೇಮಾ ತಂಬು ಬಂದಿತ್ತು. ಹಿಂದೂಸ್ತಾನಿ ಮಾತಿನ ನಗೆಯ ಸಿನೇಮಾ. ಇಬ್ಬರು ಗೆಳೆಯರು, ಒಬ್ಬ ದಪ್ಪ, ಒಬ್ಬ ಸಣಕಲ. ಯಾರೋ ಮಾಡಿದ ಕಳ್ಳತನಕ್ಕೆ ಇವರಿಬ್ಬರನ್ನೂ ಜೇಲಿಗೆ ಹಾಕುತ್ತಾರೆ. ಜೇಲಿನ ಬಾಗಿಲು ಮುಚ್ಚುತ್ತಲೇ ತಂಬಿನಲ್ಲಿ ಮಧ್ಯಂತರದ ದೀಪ ಹತ್ತಿತು. ಹೊರಗೆ ಹೋಗುವವರ ಅಂಗೈಗೆ ಬಾಗಿಲಲ್ಲಿ ಒಂದು ಶಿಕ್ಕಾ ಒತ್ತುತ್ತಿದ್ದರು. ಅದನ್ನು ತೋರಿಸಿದರೆ ಮತ್ತೆ ಒಳಗೆ ಬಿಡುತ್ತಿದ್ದರು. ನಾವೂ ಒತ್ತಿಸಿಕೊಂಡೆವು. ಹೊರಗೆ ಮಿರ್ಚಿ ಭಜಿ ತಿಂದೆವು. ಶಿಕ್ಕಾದ ಶಾಯಿಯೂ ನೀಲಿಯೇ ಎಂಬುದು ಆಗ ನಮ್ಮಿಬ್ಬರ ಲಕ್ಷ್ಯಕ್ಕೂ ಬರಲಿಲ್ಲ.

ತಿರುಗಿ ಬಂದಾಗ ಬಾಗಿಲು ಕಾಯುವವನು ಮಕ್ತುಮನ ಕೈಯನ್ನು ಕಂದೀಲಿನ ಹತ್ತಿರ ಹಿಡಿದು ನೋಡಿದ.

"ಎಲ್ಲೈತೋ ಶಿಕ್ಕಾ?"

"ಐತ್ರಿ. ನೀಲಿ ಒಳಗ ನೀಲಿ ಐತಿ. ಸಾವಕಾಶ ಹುಡುಕ್ರಿ, ನಮಗೇನು ಅವಸರಿಲ್ಲ," ಎಂದ ಮಕ್ತುಮ.

ಬಾಗಿಲು ಕಾಯುವವನು ಈಗ ನನ್ನ ಕೈ ಹಿಡಿದ. ಭಜಿಯ ಎಣ್ಣೆಗೆ ನನ್ನ ಶಿಕ್ಕಾ ಅರ್ಧ ಅಳಿಸಿತ್ತು, ಇನ್ನರ್ಧವನ್ನು ನಾನು ಧೋತರಕ್ಕೆ ಒರೆಸಿದ್ದೆ.

"ಇಬ್ಬರೂ ಕೂಡಿ ಅರ್ಧಾ ಶಿಕ್ಕಾ ತಂದೀರೇನು? ಪುಕ್ಕಟ ಖೇಲ ನೋಡಾಕ ಬಂದೀರಿ, ಕಳ್ಳರು ನೀವು!"

ಕಳ್ಳರು! ಇಬ್ಬರೂ ರೊಕ್ಕ ಕೊಟ್ಟು ಟಿಕೀಟು ತೆಗೆಸಿದ್ದೆವು. ಅದನ್ನು ಹೇಳಬೇಕೆಂದು ಬಾಯಿ ತೆರೆದೆ. ಮೊದಲೇ ಹೇಳಿದೆನಲ್ಲ, ನನ್ನ ಸಿಟ್ಟಿಗೆ ಎರಡು ದಿನ ಬೇಕು. ಬಾಯಿ ತೆರೆದದ್ದು ತೆರೆದೇ ಇತ್ತು, ಅಷ್ಟರಲ್ಲಿ ಪೋಲೀಸಿನವನು ಬಂದ. ಅವನೂ ಸಿನೇಮಾ ಬಿಟ್ಟು ಎದ್ದು ಬಂದವನು, ಅವನಿಗೂ ಅವಸರ.

"ಲಾಕಪ್ಪು ರೋಣದಾಗೈತಿ. ಈ ಇಬ್ಬರ ಸಲುವಾಗಿ ಈಗ ರೋಣಕ್ಕ ಯಾರು ಹೋಗಬೇಕು? ಖೇಲ ಮುಗಿಯೂತನಾ ಕೊಂಡವಾಡದಾಗ ಹಾಕ್ರಿ," ಎಂದು ಹೇಳಿ ಒಳಗೆ ಓಡಿದ.

ಊರ ಬೆಳೆ ಮೇಯ್ದ ದನಗಳನ್ನು ಕೂಡಿಹಾಕುವ ಕೊಂಡವಾಡ ತಂಬಿನ ಹಿಂದೆಯೇ ಇತ್ತು. ಒಳಗೆ ಒಂದು ಎಮ್ಮೆ, ಎರಡು ಕತ್ತೆ. ಅವು ಯಾರದಾದರೂ ಕಣದ ಜೋಳವನ್ನಾದರೂ ಮೇಯ್ದಿರಬಹುದು. ಅಲ್ಲಿದ್ದ ಐವರಲ್ಲಿ ಏನೂ ತಪ್ಪು ಮಾಡದವರು ನಾವಿಬ್ಬರೇ. ನಾನು ಗೋಡೆಗೆ ಮುಖ ಮಾಡಿ ನಿಂತೆ. ತಂಬಿನ ಸಿನೇಮಾದ ಮಾತು ಗೋಡೆ ದಾಟಿ ಸ್ಪಷ್ಟವಾಗಿ ಕೇಳುತ್ತಿತ್ತು. ಮಕ್ತುಮ ಎಮ್ಮೆಯ ಬೆನ್ನಿಗೆ ಒರಗಿಕೊಂಡು ನನಗೆ ಕನ್ನಡದಲ್ಲಿ ಹೇಳತೊಡಗಿದ.

"ಈಗ ನೋಡ ಈರ್ಯಾ, ದಪ್ಪನಾಂವ ಕಿಡಕ್ಯಾಗ ಸಿಕ್ಕೊಂಡ. ಸಣಕಲ ಹಿಂದಿನಿಂದ ದಬ್ಬಾಕ ಹತ್ಯಾನ. ಅಂವ ಥೇಟ್ ನಿನ್ನಂಗ ಮಾರಿ ಮಾಡ್ಯಾನ."

"ನಿನಗ ಹ್ಯಾಂಗ ಕಾಣತೈತಿ?"

"ದನೀ ಮ್ಯಾಲೆ ಗೊತ್ತಾಗತೈತಿ. ಸಿಟ್ಟಿನ ಮಾರೀದ್ದು ದನೀನ ಬ್ಯಾರೆ."

ಸಿನೇಮಾ ಮುಗಿದ ಮೇಲೆ ನಮ್ಮನ್ನು ಬಿಟ್ಟರು. ಬಿಡುವಾಗ ಬಾಗಿಲು ಕಾಯುವವನು, "ಇನ್ನೊಮ್ಮೆ ಹಿಂಗ ಮಾಡಬ್ಯಾಡ್ರಿ," ಎಂದ. ಈ 'ಇನ್ನೊಮ್ಮೆ' ಎಂಬ ಮಾತು ಆರು ವರ್ಷ ನನ್ನ ಹೊಟ್ಟೆಯಲ್ಲಿ ಉರಿದಿದೆ.

ಮರುದಿನ ಬೆಳಗ್ಗೆ ಊರಿನ ಚಹದ ಅಂಗಡಿಯಲ್ಲಿ ಮಕ್ತುಮನೇ ನಿಂತು ಇಡೀ ಕಥೆಯನ್ನು ಹೇಳಿದ. ಎಮ್ಮೆಯ ಮಾತು, ಕತ್ತೆಯ ಮಾತು, ನನ್ನ ಮಾತು, ಮೂರನ್ನೂ ಬೇರೆ ಬೇರೆ ದನಿಯಲ್ಲಿ ಆಡಿದ. ಟಿಕೀಟು ತೆಗೆಸಿದ್ದನ್ನು ಮಾತ್ರ ಹೇಳಲೇ ಇಲ್ಲ. ನಾವು ತಂಬಿನ ಅರಿವೆ ಎತ್ತಿ ನುಸುಳಿದೆವೆಂದೂ, ನನ್ನ ರುಮಾಲು ಗೂಟಕ್ಕೆ ಸಿಕ್ಕಿತೆಂದೂ ಹೇಳಿಬಿಟ್ಟ. ಜನ ಹೊಟ್ಟೆ ಹಿಡಿದು ನಕ್ಕರು. ನಮಗೆ 'ಕೊಂಡವಾಡದ ಜೋಡೆತ್ತು' ಎಂಬ ಹೆಸರು ಬಿತ್ತು. ಮುಂದೆ ಚುನಾವಣೆ ಬಂದು ಗೋಡೆ ಗೋಡೆಗೂ ಪಕ್ಷದ ಗುರುತಾದ ಜೋಡೆತ್ತಿನ ಚಿತ್ರ ಬಿದ್ದಾಗ ಅದರ ಕೆಳಗೆ ನಮ್ಮ ಹೆಸರು ಬರೆದ ಪುಣ್ಯಾತ್ಮರೂ ಇದ್ದರು.

ಕೊಂಡವಾಡದ ಆ ರಾತ್ರಿಯಿಂದ ಎರಡು ದಿನ ಕಳೆದು ನನಗೆ ಸಿಟ್ಟು ಬಂತು. ಆ ತಂಬಿನಲ್ಲಿ ಇನ್ನು ಕಾಲಿಡುವುದಿಲ್ಲ ಎಂದು ಆಣೆ ಮಾಡಿದೆ. ಮಕ್ತುಮ ತನ್ನ ನೀಲಿ ಕೈಯನ್ನು ನನ್ನ ಕೈಮೇಲೆ ಇಟ್ಟು, "ನೀ ಹೋಗದಿದ್ದರ ನಾನೂ ಹೋಗಂಗಿಲ್ಲ," ಎಂದ. ಮುಂದೆ ಪ್ರತಿ ವರ್ಷ ತಂಬು ಬಂದಾಗ ಅವನು ನನ್ನ ಮಗ್ಗದ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದು ಸಿನೇಮಾದ ಕಥೆಯನ್ನೂ ಹೇಳುತ್ತಿದ್ದ. ಕೊಂಡವಾಡದ ಗೋಡೆಗೆ ಕಿವಿಗೊಟ್ಟು ಕೇಳಿ ಬಂದೆನೆನ್ನುತ್ತಿದ್ದ. ನಾಯಕಿ ಉಟ್ಟ ಸೀರೆಯ ಬಣ್ಣವನ್ನೂ ಹೇಳುತ್ತಿದ್ದ. ಸಿನೇಮಾದಲ್ಲಿ ಕಪ್ಪು ಬಿಳುಪು ಬಿಟ್ಟರೆ ಬೇರೆ ಬಣ್ಣವೆಲ್ಲಿದೆ ಎಂದು ಕೇಳಿದರೆ, "ಅವರು ಹಾಕಿಲ್ಲ, ನಾ ಹಾಕೇನಿ. ಬಣ್ಣಗಾರ ಯಾರು, ಅವರೋ ನಾನೋ?" ಎಂದು ನನಗೇ ಜೋರು ಮಾಡುತ್ತಿದ್ದ.

ಹೋದ ತಿಂಗಳು ಮೂರೇ ದಿನದ ಜ್ವರ, ಮಕ್ತುಮ ಹೋದ. ನಾನು ಎರಡನೆಯ ದಿನ ಹೋಗಿ ನೋಡಿದಾಗ ಎದ್ದು ಕೂತು ನಗುತ್ತಿದ್ದ. ಅವನು ಅದ್ದಿಕೊಟ್ಟ ಕೊನೆಯ ನೂಲು ಈಗಲೂ ನನ್ನ ಮಗ್ಗದ ಮೇಲಿದೆ. ದಿನಕ್ಕೆ ಒಂದು ಗೇಣಿಗಿಂತ ಹೆಚ್ಚು ನೇಯುತ್ತಿಲ್ಲ. ಸೀರೆ ಯಾವಾಗ ಕೊಡುತ್ತೀಯೆಂದು ಸಾವುಕಾರರು ಕೇಳುತ್ತಿದ್ದಾರೆ. ಕೇಳಲಿ.

ಮಣ್ಣು ಮಾಡಿ ಬಂದ ಸಂಜೆಯೇ ಕಿರಾಣಿ ಅಂಗಡಿಯ ಬಸಲಿಂಗಪ್ಪ ಕಣ್ಣೊರೆಸಿಕೊಳ್ಳುತ್ತ, "ಎಂಥಾ ಮನಶ್ಯಾ! ತಂಬಿನ್ಯಾಗ ಕದ್ದು ನುಸುಳಿ ಕೊಂಡವಾಡ ಹೊಕ್ಕಿದ್ನಲ್ಲ," ಎಂದು ಶುರು ಮಾಡಿದ. ಕೂತವರೆಲ್ಲ ಅಳುತ್ತಲೇ ನಕ್ಕರು. ಎರಡು ದಿನ ಬಿಟ್ಟು ನನಗೆ ಮೈಯೆಲ್ಲ ಉರಿಯಿತು. ಬದುಕಿದ್ದಾಗ ತಾನೇ ತನ್ನನ್ನು ಕಳ್ಳನೆಂದು ಹೇಳಿಕೊಂಡು ತಿರುಗಿದ. ಈಗ ಸುಳ್ಳೆಂದು ಹೇಳುವುದಕ್ಕೆ ಅವನಿಲ್ಲ. ಕಳ್ಳನ ಹೆಸರು ಹೊತ್ತೇ ಹೋಗಿಬಿಟ್ಟ. ಅದನ್ನು ಒರೆಸುವವನು ಇನ್ನು ನಾನೊಬ್ಬನೇ.

ಮೊನ್ನೆ ಅದೇ ತಂಬು, ಅದೇ ಜೇಲಿನ ಸಿನೇಮಾವನ್ನೇ ಹೊತ್ತುಕೊಂಡು ನಮ್ಮೂರಿಗೆ ಬಂದಿತು. ಈ ಸಲ ಸಿಟ್ಟು ಮೊದಲೇ ತಯಾರಿತ್ತು. ಇಳಿಹೊತ್ತಿಗೆ ನೆಟ್ಟಗೆ ಮ್ಯಾನೇಜರನ ಹತ್ತಿರ ಹೋದೆ. ಅವನು ಹೆಂಗಸರ ಕಡೆಯ ಪರದೆಯನ್ನು ಬಿಗಿಯುತ್ತಿದ್ದ.

"ಆರು ವರ್ಸದ ಹಿಂದ ನೀಲಿ ಕೈಯಾಂವ ಒಬ್ಬನ್ನ ನೀವು ಕಳ್ಳ ಅಂದ್ರಿ. ಅಂವ ಟಿಕೀಟು ತಗಸಿದ್ದ. ಊರ ಮಂದೀ ಮುಂದ ಇವತ್ತ ಅದನ್ನ ಹೇಳಬೇಕು ನೀವು. ಹೇಳದ ಹೊರತು ನಾ ಇಲ್ಲಿಂದ ಏಳಂಗಿಲ್ಲ," ಎಂದು ನೆಲದ ಮೇಲೆ ಕೂತುಬಿಟ್ಟೆ.

ಮ್ಯಾನೇಜರನ ಮುಖ ಅರಳಿತು. "ಮಕ್ತುಮಸಾಬ್ರ ಗೆಳ್ಯಾರ ನೀವು? ಅವರು ಟಿಕೀಟು ತಗಸಿದ್ದು ನನಗ ಮರುದಿನಾನ ಗೊತ್ತಾತ್ರಿ! ಬಂದು ತಮ್ಮ ಮನಿಗೆ ಕರಕೊಂಡು ಹೋಗಿ, ನನ್ನ ಕೈಯನ್ನ ನೀಲೀ ಹಂಡೇದಾಗ ಅದ್ದಿಸಿ, ಮ್ಯಾಲೆ ನಮ್ಮ ಶಿಕ್ಕಾನ ಹೊಡದು, 'ಈಗ ಹುಡುಕ್ರಿ' ಅಂದ್ರು. ಎಂಟು ದಿನಾ ಆ ಕೈಲೇ ಉಂಡೇನ್ರಿ. ಮೈಕಿನ್ಯಾಗ ತಪ್ಪಾತು ಅಂತ ಹೇಳತೇನಿ ಅಂದ್ರ, 'ಬ್ಯಾಡ್ರಿ, ಕಥಿ ಕೆಡತೈತಿ' ಅಂದ್ರು. ಆವತ್ತಿನಿಂದ ಅವರಿಗೆ ಟಿಕೀಟಿಲ್ಲ ನಮ್ಮಲ್ಲಿ. ಒಂದ ಖೇಲನೂ ಬಿಟ್ಟಿಲ್ಲ. ಈ ಪರದೇನೂ ಅವರದ ಬಣ್ಣ, ತಂಬು ನರಗುಂದದಾಗಿದ್ದಾಗ ಅಲ್ಲೀತನಕ ತಂದು ಕೊಟ್ರು. ಎಲ್ಲದಾರ? ಈ ಸಲ ಇನ್ನೂ ಕಂಡಿಲ್ಲ."

ಹೇಳಿದೆ. ಅವನು ಕೈಯಲ್ಲಿದ್ದ ಹಗ್ಗವನ್ನು ಬಿಟ್ಟು, ರೀಲಿನ ಪೆಟ್ಟಿಗೆಯ ಮೇಲೆ ಕೂತ. ನನಗೆ ಆದದ್ದು ದುಃಖವೊಂದೇ ಅಲ್ಲ. ಒಂದ ಖೇಲನೂ ಬಿಟ್ಟಿಲ್ಲ! ಮಕ್ತುಮನ ಮಾನಕ್ಕಾಗಿ ನಾನು ಆರು ವರ್ಷ ತಂಬಿನ ಕಡೆ ಮುಖ ಹಾಕಲಿಲ್ಲ. ಅವನು ಒಳಗೆ ಕುರ್ಚಿಯ ಮೇಲೆ ಕೂತು ನೋಡಿ ಬಂದು, ನನ್ನ ಮಗ್ಗದ ಪಕ್ಕದಲ್ಲಿ ಗೋಡೆಗೆ ಕಿವಿಗೊಟ್ಟ ಕಥೆ ಹೇಳಿದ!

ಮ್ಯಾನೇಜರ ನಾನು ಕೇಳಿದ್ದನ್ನು ನಡೆಸಿಕೊಟ್ಟ. ಅದನ್ನು ಕೇಳಲೆಂದೇ ನಾನು ಆಣೆ ಮುರಿದು ಒಳಗೆ ಕೂತಿದ್ದೆ. ಆಟ ಶುರುವಾಗುವ ಮೊದಲು ಮೈಕಿನಲ್ಲಿ, ಬಣ್ಣಗಾರ ಮಕ್ತುಮಸಾಬರು ಟಿಕೀಟು ತೆಗೆಸಿಯೇ ಒಳಗೆ ಬಂದಿದ್ದರು, ತಪ್ಪು ನಮ್ಮದು ಎಂದು ಹೇಳಿದ. ಹೇಳುತ್ತಲೇ ತಂಬಿಗೆ ತಂಬೇ ಹೋ ಎಂದು ನಕ್ಕಿತು. ಯಾರೋ ಸೀಟಿ ಹೊಡೆದರು. ನಾನು ಕೆರಳಿ ಎದ್ದು ನಿಂತೆ. ಹಿಂದಿನ ಬೆಂಚಿನ ಬಸಲಿಂಗಪ್ಪ ನನ್ನ ಅಂಗಿ ಹಿಡಿದು ಕೂಡಿಸಿದ.

"ಕೂಡೋ ಮಾರಾಯಾ. ಅಂವ ಟಿಕೀಟು ತಗಸಿದ್ದು ಊರಿಗೆಲ್ಲಾ ಗೊತ್ತೈತಿ. ಅಂವ ಕಳ್ಳ ಅಂತ ತಿಳಕೊಂಡಾಂವ ಈ ಊರಾಗ ಯಾವನೂ ಇಲ್ಲ. ಹಂಗ ತಿಳದಾರಂತ ತಿಳಕೊಂಡಾಂವ ನೀ ಒಬ್ಬನ."

ಸಿಟ್ಟು ಎಷ್ಟು ಬಂದಿತ್ತೆಂದರೆ ಎದ್ದು ಹೋಗುವುದಕ್ಕೂ ಆಗಲಿಲ್ಲ. ಕೂತೇ ಇದ್ದೆ. ಜೇಲಿನ ಬಾಗಿಲು ಮುಚ್ಚಿತು, ದೀಪ ಹತ್ತಿತು. ನೋಡುತ್ತೇನೆ, ನೀಲಿ ಪರದೆಯ ಆಚೆ, ಹೆಂಗಸರ ಕಡೆ, ಮೊದಲ ಸಾಲಿನಲ್ಲಿ ನನ್ನ ಹೆಂಡತಿ ಗಂಗವ್ವ! ಮಡಿಲಲ್ಲಿ ಚುರುಮುರಿ. ಈ ದಿನಗಳಲ್ಲಿ ಪ್ರತಿ ವರ್ಷವೂ ಮಠಕ್ಕೆ ಪುರಾಣ ಕೇಳಲು ಹೋಗುವವಳು. ಅವಳ ಭಕ್ತಿಯನ್ನು ನಾನು ನಾಲ್ಕು ಜನರೆದುರು ಹೊಗಳಿದ್ದುಂಟು. ಎದ್ದು ಪರದೆಯ ಹತ್ತಿರ ಹೋದೆ.

"ಎಷ್ಟು ವರ್ಸದಿಂದ?"

ಅವಳು ಸೆರಗು ಎಳೆದುಕೊಂಡಳು. "ನೀವು ಆಣಿ ಮಾಡಿದ ಮುಂದಿನ ವರ್ಸದಿಂದ."

"ನನಗ್ಯಾಕ ಹೇಳಲಿಲ್ಲ?"

"ಮಕ್ತುಮಣ್ಣ ಬ್ಯಾಡ ಅಂದಿದ್ದ. 'ನನ್ನ ಸಲುವಾಗಿ ಇಷ್ಟು ದಿನಾ ಸಿಟ್ಟು ಹಿಡಕೊಂಡಾಂವ ಈ ಭೂಮೀ ಮ್ಯಾಲೆ ಅಂವ ಒಬ್ಬನ ತಂಗೆವ್ವಾ, ಅದನ್ನ ಅಂವನ ಕಡೆಯಿಂದ ಕಸಗೋಬ್ಯಾಡ' ಅಂದ." ಮಡಿಲಿನಿಂದ ಒಂದು ಹಿಡಿ ಚುರುಮುರಿಯನ್ನು ಪರದೆಯ ಮೇಲಿಂದ ನನ್ನ ಕೈಗೆ ಹಾಕಿದಳು. "ಹೋಗ್ರಿ, ಕೂಡ್ರಿ. ಮುಂದಿಂದು ಚಲೋ ಐತಿ."

ಮುಂದಿನದನ್ನು ನೋಡಿದೆ. ಮಕ್ತುಮ ಕೊಂಡವಾಡದಲ್ಲಿ ನಿಂತು ಹೇಳಿದ ಒಂದೂ ಅದರಲ್ಲಿ ಇರಲಿಲ್ಲ. ಕಿಡಕಿಯಲ್ಲಿ ಯಾರೂ ಸಿಕ್ಕಿಕೊಳ್ಳಲಿಲ್ಲ. ಅವನು ಹೇಳಿದ್ದೇ ಇದಕ್ಕಿಂತ ಎಷ್ಟೋ ಮೇಲಿತ್ತು. ಕೊನೆಯಲ್ಲಿ ಜೇಲಿನ ಬಾಗಿಲು ತೆರೆದು, ಇಬ್ಬರೂ ಗೆಳೆಯರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ಹೊರಗೆ ಬಂದರು. ಇಬ್ಬರೂ! ಇಂಥ ಸುಳ್ಳು ಹೇಳುವುದಕ್ಕೆ ತಂಬು ಕಟ್ಟಿಕೊಂಡು ಊರೂರು ತಿರುಗಬೇಕೆ? ನನಗೆ ಎಲ್ಲಿಲ್ಲದ ಸಿಟ್ಟು ಬಂತು.

ಆಗ ನಾನು ನಕ್ಕೆನೆಂದೂ, ನನ್ನ ನಗೆ ಹೆಂಗಸರ ಕಡೆಯವರೆಗೂ ಕೇಳಿತೆಂದೂ ಗಂಗವ್ವ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಾಳೆ. ಆರು ವರ್ಷ ಪುರಾಣ ಕೇಳಿದೆನೆಂದು ಸುಳ್ಳು ಹೇಳಿದವಳ ಮಾತನ್ನು ಓದುಗರು ನಂಬಬಾರದು. ನಾನು ಇನ್ನೂ ಸಿಟ್ಟಿನಲ್ಲಿಯೇ ಇದ್ದೇನೆ.