ನಾಗರಾಜು ತೋರಿಸದ ಜಾಗ

ಇನ್ನೊಬ್ಬರ ಮನೆ, ಕಾರು, ಸಂಬಳ ಕಂಡು ಹೊಟ್ಟೆ ಉರಿಸಿಕೊಳ್ಳುವುದು ಸಾಮಾನ್ಯ. ಅಂಥ ಉರಿಗೆ ಸಮಾಧಾನ ಹೇಳುವವರೂ ಸಿಗುತ್ತಾರೆ. ಆದರೆ ಸ್ವಂತ ಮಾವನವರು ಪಕ್ಕದ ಅಪಾರ್ಟ್‌ಮೆಂಟಿನವನನ್ನು ಹೊಗಳಿದರೆಂದು ಉರಿಯುವವನಿಗೆ ಯಾರೂ ದಿಕ್ಕಿಲ್ಲ. ಹೆಂಡತಿಯ ಹತ್ತಿರವಂತೂ ಬಾಯಿ ಬಿಡುವ ಹಾಗಿಲ್ಲ. ಆದ್ದರಿಂದ ನಿಮ್ಮ ಹತ್ತಿರ ಹೇಳಿಕೊಳ್ಳುತ್ತಿದ್ದೇನೆ. ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ಎಂಬತ್ತರ ದಶಕದ ನಡುಭಾಗ. ನಾನು, ಹೆಂಡತಿ ವಿಜಯಾ, ಮಗಳು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಲಿವರ್‌ಮೋರ್‌ನಲ್ಲಿದ್ದೆವು. ಮೈಸೂರಿನಿಂದ ಅತ್ತೆ, ಮಾವ ಮೊದಲ ಸಲ ಬಂದಿದ್ದರು. ಪಕ್ಕದ ಅಪಾರ್ಟ್‌ಮೆಂಟಿನ ನಾಗರಾಜು ನನ್ನ ಆಫೀಸಿನವನೇ, ಹಾಸನದ ಕಡೆಯವನು. ಮದುವೆಯಾಗಿರಲಿಲ್ಲವಾಗಿ ಅವನ ಶನಿವಾರಗಳೆಲ್ಲ ಕನ್ನಡದವರ ಮನೆಗೆ ಬಂದ ನೆಂಟರ ಪಾಲು. ನನಗೆ ತುರ್ತು ಕೆಲಸ ಬಿದ್ದ ಒಂದು ಶನಿವಾರ ಅವನೇ ಅತ್ತೆ ಮಾವನವರನ್ನು ಗುಡ್ಡದಾಚೆಯ ಕೆರೆಗೆ ಕರೆದೊಯ್ದ. ಎತ್ತಿನ ಗಾಡಿಯಲ್ಲಿ ಬಂದು ಆ ದಂಡೆಯಲ್ಲಿ ಮೊದಲು ನೆಲೆಸಿದ ಬಿಳಿಯರ ಒಂದು ಮನೆತನವಿತ್ತು. ಅವರ ಮಣ್ಣಿಟ್ಟಿಗೆಯ ಮನೆ, ಕುದುರೆ ಲಾಯ, ದೋಣಿಕಟ್ಟೆ ಎಲ್ಲವನ್ನೂ ಹಾಗೆಯೇ ಕಾಪಾಡಿ ಬಂದವರಿಗೆ ತೋರಿಸುತ್ತಾರೆ.

ಅಂದಿನಿಂದ ನಮ್ಮ ಮನೆಯ ಊಟದ ಮೇಜಿನಲ್ಲಿ ಆ ಮನೆತನವೂ ಕೂತಿತು, ನಾಗರಾಜುವೂ ಕೂತ. "ಏನು ವಿವರ, ಏನು ತಾಳ್ಮೆ! ಆ ಯಜಮಾನ ಗಾಡಿ ಬಿಚ್ಚಿದ ಮರವನ್ನೂ ತೋರಿಸಿದ ಕಣ್ರೀ" ಎಂದು ಮಾವನವರು ಹುಳಿ ಕಲಸುತ್ತಾ ಹೇಳುವರು. ನನ್ನನ್ನು ಮಾವನವರು ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ಅವನನ್ನು ಒಂದೇ ಶನಿವಾರದಲ್ಲಿ "ಏನೋ ನಾಗರಾಜು" ಎನ್ನತೊಡಗಿದ್ದರು. ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಸಿಕ್ಕದ ಸಲಿಗೆ ಅದು.

ನಾನು ಲೈಬ್ರರಿಗೆ ಹೋಗಿ ಆ ಕೆರೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಆಚೆ ದಂಡೆಯ ದಿಬ್ಬದ ಮೇಲೆ ಆ ಮನೆತನದವರದೇ ಒಂದು ಜಾಗವಿತ್ತು.

"ಮಾವ, ನಾಗರಾಜು ದಿಬ್ಬಕ್ಕೆ ಕರ್ಕೊಂಡು ಹೋಗಿದ್ನಾ?"

"ಇಲ್ಲವಲ್ಲ! ಅಲ್ಲೇನಿದೆ?"

"ಬನ್ನಿ, ತೋರಿಸ್ತೀನಿ" ಎಂದೆ. ಆ ಕ್ಷಣದ ಸುಖವನ್ನು ನಾನು ಮರೆತಿಲ್ಲ.

ಭಾನುವಾರ ಪುಳಿಯೋಗರೆ, ಮೊಸರನ್ನ ಐಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಹೊರಟೆವು. ಮಣ್ಣಿನ ಮನೆಯಲ್ಲಿ ನಾನು ಬಾಯಿ ತೆರೆದಾಗಲೆಲ್ಲ ಮಾವನವರು "ಇದು ನಾಗರಾಜು ಹೇಳಿದ" ಎಂದರು. ಲಾಯದಲ್ಲೂ ಅದೇ. ಊಟಕ್ಕೆ ಮೊದಲೇ ದಿಬ್ಬ ಹತ್ತಿಸಿಬಿಟ್ಟೆ. ಓಕ್ ಮರದ ಕೆಳಗೆ ಕಬ್ಬಿಣದ ಬೇಲಿ, ಒಳಗೆ ಪಾಚಿ ಹಿಡಿದ ಕಲ್ಲುಗಳು. ಒಂದೊಂದನ್ನೂ ಓದಿ ಹೇಳಿದೆ: ಇವನು ಗಾಡಿ ತಂದವನು, ಇವಳು ಅವನ ಹೆಂಡತಿ, ಇದು ಜ್ವರದಲ್ಲಿ ಹೋದ ಮಗು. ಮಾವನವರು ಕನ್ನಡಕ ತೆಗೆದು ಒರೆಸಿಕೊಂಡರು. ಗೆದ್ದೆ ಅಂದುಕೊಂಡೆ.

"ಇವರೆಲ್ಲ ಇಲ್ಲೇ... ಕೆಳಗೇ ಇದ್ದಾರಾ?"

"ಹೌದು ಮಾವ, ಮೂರು ತಲೆಮಾರು!"

ಅತ್ತೆಯವರು ಸೆರಗನ್ನು ಎಳೆದುಕೊಂಡು ಬೇಲಿಯಿಂದ ಹಿಂದೆ ಸರಿದರು. ಅವರು ನನ್ನೊಡನೆ ನೇರ ಮಾತಾಡುವವರಲ್ಲ. "ವಿಜಯಾ, ಅವರಿಗೆ ಹೇಳು, ಊಟದ ಪೆಟ್ಟಿಗೆ ಮುಟ್ಟೋದು ಬೇಡ ಅಂತ. ಸ್ಮಶಾನ ತುಳಿದು ಸ್ನಾನ ಇಲ್ಲದೆ ಅನ್ನ ಮುಟ್ತಾರಾ?"

ನನಗೆ ಈ ಶಾಸ್ತ್ರ ಗೊತ್ತಿರಲಿಲ್ಲವೆಂದಲ್ಲ. ಪುಸ್ತಕದಲ್ಲಿ ಅದನ್ನು ಐತಿಹಾಸಿಕ ಸ್ಥಳವೆಂದು ಬರೆದಿತ್ತು. ನಾನು ಹಾಗೆಯೇ ಓದಿಕೊಂಡಿದ್ದೆ. ಈಗ ನೋಡಿದರೆ ಮಾವನವರಿಗೆ ಸಕ್ಕರೆ ಕಾಯಿಲೆ, ಊಟಕ್ಕೆ ಮುಂಚಿನ ಮಾತ್ರೆ ಆಗಲೇ ನುಂಗಿದ್ದಾರೆ, ಮನೆಯ ಬಚ್ಚಲು ಗಂಟೆಯ ಮೇಲಿನ ದಾರಿ. ಅವರ ಹಣೆಯಲ್ಲಿ ಬೆವರು ಕಾಣಿಸಿತು.

"ಒಂದು ತುತ್ತು ತಿನ್ನಿ ಮಾವ, ಔಷಧಿ ಅಂತ ತಿನ್ನಿ."

"ಕೆರೆ ಎದುರಿಗೇ ಇದೆಯಲ್ಲ" ಎಂದವರೇ ಪಂಚೆ ಎತ್ತಿಕಟ್ಟಿ ಇಳಿದೇ ಬಿಟ್ಟರು. ಹಿಂದೆಯೇ ಅತ್ತೆಯವರು.

"ಡ್ಯಾಡಿ, ಬೋರ್ಡ್ ಸೇಸ್ ನೋ! ಇಟ್ಸ್ ಡ್ರಿಂಕಿಂಗ್ ವಾಟರ್!" ಎಂದು ಮಗಳು ಕಿರುಚಿದಳು. ಮೊಣಕಾಲುದ್ದದ ನೀರಿನಲ್ಲಿ ಮಾವನವರು ಮೂಗು ಹಿಡಿದು ಮುಳುಗಲು ಬಗ್ಗುತ್ತಿದ್ದಂತೆ ಸೀಟಿ ಕೇಳಿಸಿತು. ಹಸಿರು ಟೊಪ್ಪಿಯ ಕಾವಲಿನ ಹೆಂಗಸು ಓಡಿ ಬಂದಳು. ತೊದಲುತ್ತಾ ಎಲ್ಲ ಹೇಳಿದೆ: ದಿಬ್ಬ, ಹಸಿವು, ಮಾತ್ರೆ, ಸ್ನಾನ. ಬೈಯುತ್ತಾಳೆಂದುಕೊಂಡರೆ, ತನ್ನ ಅಜ್ಜಿಯೂ ಸ್ಮಶಾನದಿಂದ ಬಂದವರನ್ನು ಕೈ ತೊಳೆಯದೆ ಒಳಗೆ ಬಿಡುತ್ತಿರಲಿಲ್ಲ ಎಂದಳು. ದೋಣಿ ತೊಳೆಯುವ ರಬ್ಬರ್ ಪೈಪು ತೋರಿಸಿದಳು. ನಾನೇ ಪೈಪು ಹಿಡಿದೆ. ಉಟ್ಟ ಬಟ್ಟೆಯಲ್ಲೇ, ತಣ್ಣೀರಿನಲ್ಲಿ, ಇಬ್ಬರೂ ಕಣ್ಮುಚ್ಚಿ ನಿಂತರು. ಆಮೇಲೆ ಬಿಸಿಲಿನಲ್ಲಿ ನೀರು ಸೋರಿಸುತ್ತಾ ಪುಳಿಯೋಗರೆ ತಿಂದರು. ಮಾವನವರ ಮುಖಕ್ಕೆ ಬಣ್ಣ ಮರಳಿದ ಮೇಲೆಯೇ ನನ್ನ ಎದೆ ತಹಬಂದಿಗೆ ಬಂದದ್ದು.

"ಪೈಪೋಟಿಗೆ ಸ್ಮಶಾನ ತೋರಿಸಿದೋರು ನೀವೊಬ್ಬರೇ ಕಣ್ರೀ" ಎಂದಳು ವಿಜಯಾ.

ಮರುದಿನ ಸಂಜೆ ನಾಗರಾಜು ಕಾಫಿಗೆ ಬಂದ. ಮಾವನವರು ಎಲ್ಲವನ್ನೂ ಹೇಳಿದರು. ಅವನು ಲೋಟ ಕೆಳಗಿಟ್ಟು ಮೆಲ್ಲಗೆ, "ಅದಕ್ಕೇ ಸಾರ್, ಆವತ್ತು ನಿಮ್ಮನ್ನ ಆ ಕಡೆ ಕರ್ಕೊಂಡು ಹೋಗ್ಲಿಲ್ಲ. ಅಮ್ಮಾವ್ರು ಮಡಿಯೋರು" ಎಂದ.

"ನೋಡಿದಿರಾ!" ಮಾವನವರು ನನ್ನ ಕಡೆ ತಿರುಗಿದರು. "ಎಷ್ಟು ಮುಂದಾಲೋಚನೆ!"

ತೋರಿಸಿದ್ದಕ್ಕೂ ಹೊಗಳಿಕೆ ಅವನಿಗೆ, ತೋರಿಸದೆ ಬಿಟ್ಟದ್ದಕ್ಕೂ ಅವನಿಗೇ.

ಮುಂದಿನ ಶನಿವಾರ ಎಲ್ಲರೂ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟೆವು. ಕಾರು ನನ್ನದು. ದಾರಿ ಅವನಿಗೆ ಗೊತ್ತೆಂದು ಸ್ಟೀರಿಂಗ್ ಹಿಡಿದವನು ನಾಗರಾಜು, ಪಕ್ಕದಲ್ಲಿ ಮಾವನವರು. ನಾನು ಹಿಂದೆ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು. ದಾರಿಯುದ್ದಕ್ಕೂ ಅವನನ್ನು ಏನೂ ಕೇಳಬಾರದೆಂದು ಹಲ್ಲು ಕಚ್ಚಿ ಕೂತಿದ್ದೆ. ಆದರೆ ಸೇತುವೆ ದಾಟುವಾಗ ಕೊಲ್ಲಿಯ ನಡುವೆ ಒಂದು ಒಂಟಿ ದೀಪಸ್ತಂಭ ಕಂಡಿತು. ತಡೆಯಲಾಗಲಿಲ್ಲ. ಮುಂದಕ್ಕೆ ಬಗ್ಗಿ, "ನಾಗರಾಜು, ಅದೇನಪ್ಪಾ ಅದು?" ಎಂದು ಕೇಳಿಯೇಬಿಟ್ಟೆ.