ಸಿನೆಮಾದಲ್ಲಿ ಉಂಡವರು, ಉಣ್ಣದವರು

ನಮ್ಮವ್ವನನ್ನು ಥೇಟರಿಗೆ ಕರೆದುಕೊಂಡು ಹೋದಾಗಲೆಲ್ಲ ಪರದೆಯ ಮೇಲಿನದಕ್ಕಿಂತ ಹೆಚ್ಚಿನದು ನಮ್ಮ ಸಾಲಿನಲ್ಲೇ ನಡೆದುಬಿಡುತ್ತದೆ. ಹೋಗುವುದು ಮಾತ್ರ ಮೋಜಿಗಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಊಟ ಕಡಿಮೆ ಮಾಡುತ್ತಾ ಬಂದಳು. ಮೊದಲು ಒಂದು ಚಪಾತಿ, ಆಮೇಲೆ ಅರ್ಧ, ಆಮೇಲೆ ತಾಟಿನ ಮುಂದೆ ಸುಮ್ಮನೆ ಕೂತು ಎದ್ದುಹೋಗುವುದು. ನಮ್ಮ ಮಿರಜದ ಡಾಕ್ಟರು ಎಲ್ಲ ತಪಾಸಣೆ ಮಾಡಿ, ರೋಗ ಏನೂ ಇಲ್ಲ, ಆದರೆ ಹೀಗೇ ನಡೆದರೆ ಬಹಳ ದಿನ ಉಳಿಯುವುದಿಲ್ಲ, ಜನರ ನಡುವೆ ಕರೆದೊಯ್ಯಿರಿ ಎಂದರು. ಜನರೂ ಇರಬೇಕು, ಯಾರೂ ಮಾತಾಡಿಸಲೂ ಬಾರದು, ಅಂಥ ಜಾಗ ಥೇಟರೊಂದೇ ಎಂದು ನನ್ನ ಹೆಂಡತಿ ಸಾಂಗಲಿಯಲ್ಲಿ ಮ್ಯಾಟಿನಿ ಟಿಕೆಟ್ ತೆಗೆದಳು.

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ಹೊತ್ತು ಮೂಡುವ ಮೊದಲು ಒಲೆ ಹಚ್ಚುವುದಿಲ್ಲ. ಮ್ಯಾಟಿನಿ ಬಿಟ್ಟು ಮನೆ ಸೇರುವಷ್ಟರಲ್ಲಿ ಕತ್ತಲಾಗುತ್ತದೆ, ಹಾಗಾಗಿ ಅವ್ವನ ಸಲುವಾಗಿ ಒಂದು ಊಟದ ಡಬ್ಬಿ ಜೊತೆಗೆ ಬರುತ್ತದೆ. ಹೊರಗಿನ ತಿಂಡಿ ಬಿಡದ ಗೇಟಿನವನು ಅವ್ವನ ಒಣಗಿದ ಮುಖ ನೋಡಿ ಅದನ್ನು ಬಿಡುತ್ತಾನೆ. ಡಬ್ಬಿ ತುಂಬಿಕೊಂಡು ಹೋಗುತ್ತದೆ, ತುಂಬಿಕೊಂಡೇ ಮನೆಗೆ ಬರುತ್ತದೆ.

ಹೊಡೆದಾಟದ ಪಿಚ್ಚರು

ಮೊದಲನೆಯದು ಬರೀ ಹೊಡೆದಾಟ. ನನ್ನ ಅಭಿಪ್ರಾಯ ಕೇಳಿದರೆ ಕಥೆಯನ್ನು ಯಾರೋ ಮನೆಯಲ್ಲೇ ಮರೆತು ಬಂದಿದ್ದರು. ಸಂಗೀತಕ್ಕೆ ಕಿವಿ ಇನ್ನೂ ಗುಂಯ್ ಎನ್ನುತ್ತದೆ. ಹೆಂಡತಿಗೆ ಹೀರೋ ಇಷ್ಟವಾಗಿದ್ದ, ಅದರ ಬಗ್ಗೆ ನಾನು ಹೆಚ್ಚು ಕೇಳಲಿಲ್ಲ. ಹೆಂಗಿತ್ತವ್ವಾ ಅಂದೆ.

"ಮುಂಜಾನಿಂದ ಬಡದಾಡ್ಯಾನ. ಒಂದ್ ತುತ್ತರ ಯಾರರ ಕೊಟ್ಟಾರೇನ ಅವಂಗ?"

ನೀನೂ ಮುಂಜಾನೆಯಿಂದ ಏನೂ ತಿಂದಿಲ್ಲವಲ್ಲ ಅಂದೆ. ನಾನು ಯಾರಿಗೆ ಹೊಡೆದೆ ಅಂದಳು.

ಪ್ರೀತಿಯ ಪಿಚ್ಚರು

ಎರಡನೆಯದರಲ್ಲಿ ಹುಡುಗ ಹುಡುಗಿ ರಾತ್ರಿ ಮೇಣದಬತ್ತಿ ಹಚ್ಚಿಕೊಂಡು ದೊಡ್ಡ ಹೋಟೆಲಿನಲ್ಲಿ ಉಣ್ಣುತ್ತಾರೆ. ಅವ್ವ ಕಣ್ಣು ಮುಚ್ಚಿ ಬಾಯಲ್ಲಿ ಏನೋ ಅಂದುಕೊಂಡಳು. ಕೊನೆಯಲ್ಲಿ ಅವರಿಬ್ಬರೂ ದೂರವಾದಾಗ ಥೇಟರಿಗೆ ಥೇಟರೇ ಮೂಗು ಒರೆಸಿಕೊಳ್ಳುತ್ತಿತ್ತು. ನಾನೂ ಕರವಸ್ತ್ರ ತೆಗೆದೆ. ಈಚೆಗೆ ನನಗೆ ಎಲ್ಲದಕ್ಕೂ ಕರವಸ್ತ್ರ ಬೇಕಾಗುತ್ತದೆ. ಅವ್ವ ಮಾತ್ರ ನನ್ನ ಕಡೆ ಬಾಗಿ ಹೇಳಿದಳು.

"ನಾ ಆಗಳೇ ಅಂದಿದ್ನಿ, ಆ ರಾತ್ರಿ ಊಟಾ ಅವಕ್ಕ ಬರೋಬ್ಬರಿ ಆಗಂಗಿಲ್ಲಂತ."

ದೆವ್ವದ ಪಿಚ್ಚರು

ಮೂರನೆಯದನ್ನು ಹೆಂಡತಿ ಸಂಸಾರದ ಕಥೆ ಎಂದು ತಿಳಿದು ಆರಿಸಿದ್ದಳು. ಸಂಸಾರವೇನೋ ಹೌದು, ಆದರೆ ಸತ್ತ ಗಂಡ ತಿರುಗಿ ಮನೆಗೆ ಬರುತ್ತಾನೆ. ಹೆಂಡತಿ ನನ್ನ ತೋಳು ಚಿವುಟಿ ಚಿವುಟಿ ಹಣ್ಣು ಮಾಡಿದಳು. ನಾನು ಹೆದರಿದ್ದು ಬೇರೆ ಕಾರಣಕ್ಕೆ. ಅವ್ವನನ್ನು ಇಂಥದಕ್ಕೆ ಕರೆತಂದೆವಲ್ಲ ಎಂದು ಮಿರಜಕ್ಕೆ ಬರುವ ತನಕ ನನ್ನನ್ನು ನಾನೇ ಬೈದುಕೊಂಡೆ. ದಾರಿಯುದ್ದಕ್ಕೂ ಅವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. ಮನೆ ಮುಂದೆ ಇಳಿಯುವಾಗ ಮಾತಾಡಿದಳು.

"ಅಷ್ಟ ದೂರಿಂದ ಗಂಡ ಬಂದಾನ. ಆಕಿ ಚೀರಿ ಓಡಿಹೋದ್ಳು. ಒಂದ್ ಕಪ್ ಚಾ ಸುದ್ದಾ ಕೇಳಲಿಲ್ಲ."

ನಕ್ಕೆವು.

ಅಳುವ ಪಿಚ್ಚರು

ನಾಲ್ಕನೆಯದು ಉದ್ದವಾಗಿತ್ತು. ಅದನ್ನು ಕತ್ತರಿಸಿದ್ದರೆ ಎರಡಾಗುತ್ತಿತ್ತು, ಎರಡೂ ಉದ್ದವೇ ಆಗುತ್ತಿದ್ದವು. ಅದರಲ್ಲಿ ಒಬ್ಬ ಹೆಣ್ಣುಮಗಳ ಗಂಡ ಸಾಯುತ್ತಾನೆ. ಓಣಿಯವರು ತಾಟು ತಂದು ಮುಂದಿಡುತ್ತಾರೆ, ಆಕೆ ದೂಡುತ್ತಾಳೆ. ಮತ್ತೆ ಇಡುತ್ತಾರೆ, ಮತ್ತೆ ದೂಡುತ್ತಾಳೆ. ಎಲ್ಲರೂ ಅಳುತ್ತಿದ್ದರು. ನನಗೆ ಅವ್ವನ ಕಡೆ ತಿರುಗುವ ಧೈರ್ಯವಾಗಲಿಲ್ಲ. ಅಷ್ಟರಲ್ಲಿ ಆ ಕತ್ತಲಲ್ಲಿ ಅವಳ ದನಿ ಕೇಳಿತು.

"ಉಣ್ಣ ತಂಗಿ. ಎರಡ ತುತ್ತರ ಉಣ್ಣ. ನೀ ಹಿಂಗ ಕುಂತ್ರ ಮನ್ಯಾಗಿನವ್ರು ಏನ್ ಮಾಡಬೇಕು?"

ಮುಂದಿನ ಸಾಲಿನ ಹುಡುಗರು ಆಜಿ ಏನು ಅಂದಳು ಎಂದು ಮರಾಠಿಯಲ್ಲಿ ಕೇಳಿದರು. ನನ್ನ ಹೆಂಡತಿ ಹೇಳಿದಳು. ನಗು ಸಾಲಿನಿಂದ ಸಾಲಿಗೆ ಹೋಯಿತು. ಅವ್ವ ನಗಲಿಲ್ಲ. ತಾನು ಆಡಿದ್ದನ್ನು ತಾನೇ ಕೇಳಿಸಿಕೊಂಡವಳ ಹಾಗೆ ಸುಮ್ಮನೆ ಕೂತಿದ್ದಳು. ಸ್ವಲ್ಪ ಹೊತ್ತಿಗೆ ನನ್ನ ಕೈ ಮುಟ್ಟಿ, ಡಬ್ಬಿ ತಂದೀಯೇನು ಅಂದಳು. ಹೊತ್ತು ಇನ್ನೂ ಇದೆಯೋ ನೋಡಿ ಬಾ ಅಂದಳು.

ಯಾರ ಯಾರ ಕಾಲು ತುಳಿದೆನೋ ಗೊತ್ತಿಲ್ಲ, ಹೊರಗೆ ಓಡಿದೆ. ಸೂರ್ಯ ಮುಳುಗಿದನೇ ಎಂದು ಗೇಟಿನವನನ್ನು ಕೇಳಿದೆ. ಟಿಕೆಟ್ ತೆಗೆದದ್ದು ಸಿನೆಮಾಕ್ಕೋ ಸೂರ್ಯನಿಗೋ ಎಂದು ಅವನು ಕೇಳಿದ. ರಸ್ತೆಯ ದೀಪ ಹತ್ತಿದ್ದವು. ಆಕಾಶದಲ್ಲಿ ಒಂದಿಷ್ಟು ಕೆಂಪು ಬಿಟ್ಟರೆ ಏನೂ ಉಳಿದಿರಲಿಲ್ಲ. ಇಷ್ಟು ತಿಂಗಳ ಮೇಲೆ ಅವ್ವ ಡಬ್ಬಿ ಕೇಳಿದ್ದಾಳೆ, ಈ ಸೂರ್ಯ ಐದು ನಿಮಿಷ ತಡೆಯಲಿಲ್ಲ. ಅಷ್ಟು ಸಿಟ್ಟು ನನಗೆ ಯಾರ ಮೇಲೂ ಬಂದಿಲ್ಲ.

ಒಳಗೆ ಬಂದ ನನ್ನ ಮುಖ ನೋಡಿಯೇ ಅವ್ವನಿಗೆ ತಿಳಿಯಿತು. ಇರಲಿ, ನಾಳೆ ಉಣ್ತೀನಿ ಅಂದಳು. ಹಾಗೆ ಅವಳು ದಿನಾಲೂ ಅನ್ನುತ್ತಿದ್ದಳು, ಅದಕ್ಕೇ ನಾನು ನಂಬಲಿಲ್ಲ.

ಮರುದಿನ ಇನ್ನೂ ನಸುಕು. ಎದ್ದು ಹೊರಗೆ ಬಂದರೆ ಅವ್ವ ಕಟ್ಟೆಯ ಮೇಲೆ ಶಾಲು ಹೊದ್ದು ಕೂತಿದ್ದಾಳೆ, ತೊಡೆಯ ಮೇಲೆ ಖಾಲಿ ತಾಟು. ಒಳಗೆ ನನ್ನ ಹೆಂಡತಿ ಹಚ್ಚದ ಒಲೆಯ ಮುಂದೆ ಹಂಚು ಹಿಡಿದು ನಿಂತಿದ್ದಾಳೆ. ಮೂಡಣದ ಕಡೆ ಬರೀ ಮಂಜು, ಸೂರ್ಯನ ಸುಳಿವಿಲ್ಲ. ನಾನು ಅವ್ವನ ಪಕ್ಕ ಕೂತೆ. ಅವಳು ತಾಟಿನ ಮೇಲೆ ಬೆರಳಿಂದ ಬಡಿಯುತ್ತಾ ಬೇಸರದಲ್ಲಿ ಕೇಳಿದಳು.

"ಇಂವ ಯಾಕೋ ಇವತ್ತ ಇನ್ನೂ ಬರವಲ್ಲ? ಇಂವನೂ ನಿನ್ನೆ ಆ ಪಿಚ್ಚರ್ ಕಡೀತನಾ ಕುಂತು ನೋಡ್ಯಾನೇನು?"