ಕೆಂದನ ಕಿವಿಯ ಕಚ್ಚು

ಕುರಿಯ ಕಿವಿ ನೋಡಿ ಅದು ಯಾರ ಮಂದೆಯದು ಎಂದು ಹೇಳಬಲ್ಲವನು ನಾನು. ಪರಶುರಾಂಪುರದ ಕಡೆಯ ಹಟ್ಟಿಯಲ್ಲಿ ಕುರಿಗಳ ನಡುವೆಯೇ ಬೆಳೆದವನು. ನಮ್ಮಲ್ಲಿ ಒಂದೊಂದು ಮನೆತನದವರೂ ತಮ್ಮ ಕುರಿಗಳ ಕಿವಿಗೆ ಒಂದೊಂದು ಬಗೆಯ ಕಚ್ಚು ಹಾಕಿ ಗುರುತು ಮಾಡುತ್ತಾರೆ. ಶಾಲೆಗೆ ಸೇರಿದ್ದು ಮೀಸೆ ಮೂಡಿದ ಮೇಲೆ. ಕಿವಿ ಓದುವುದನ್ನು ಮಾತ್ರ ಅದಕ್ಕೂ ಮೊದಲೇ ಕಲಿತಿದ್ದೆ. ಇಂಥ ವಿದ್ವಾಂಸನಿಗೆ ಒಂದು ನಾಯಿಯ ಒಡೆಯನನ್ನು ಹುಡುಕುವುದು ಯಾವ ಮಹಾ ಕೆಲಸ!

ಮೊಬೈಲ್ ಇನ್ನೂ ಸಾಹುಕಾರರ ಜೇಬಿನಲ್ಲಷ್ಟೇ ಇದ್ದ ಕಾಲ. ಚಳ್ಳಕೆರೆಯ ನಮ್ಮ ಬೀದಿಯ ಕೊನೆಗೆ, ದಿಕ್ಕಿಲ್ಲದ ನಾಯಿಗಳನ್ನು ಸಾಕುವ ತಗಡಿನ ಶೆಡ್ಡೊಂದಿತ್ತು. ಅಲ್ಲೊಂದು ಕೆಂಪು ನಾಯಿ. ಹೆಸರು ಕೆಂದ. ಅನ್ನ ಮುಟ್ಟದೆ, ಗೇಟಿನ ಕಡೆ ಮುಖ ಮಾಡಿ ಕೂತುಬಿಟ್ಟಿತ್ತು.

"ಹಿಂಗೇ ಆದ್ರೆ ಇದು ಉಳಿಯಲ್ಲಣ್ಣಾ. ಒಡೇನ್ನ ನೆನಸ್ಕೊಂಡು ಕೂತೈತೆ," ಎಂದ ಶೆಡ್ಡು ನೋಡಿಕೊಳ್ಳುವ ಬಾಷಾ.

ನಾಯಿಯ ಎಡಗಿವಿ ಎತ್ತಿ ನೋಡಿದೆ. ತುದಿಯಲ್ಲಿ ಅಚ್ಚುಕಟ್ಟಾದ ಕಚ್ಚು! ಮೊಳಕಾಲ್ಮೂರು ಕಡೆಯ ಪಾಲಯ್ಯಜ್ಜನ ಮಂದೆಯ ಗುರುತು!

"ಅಣ್ಣಾ, ಆ ಕಿವಿ..."

"ಲೇ, ಕಿವಿ ವಿಷ್ಯ ನನಗೆ ಹೇಳ್ಬೇಡ!"

"ಅದಲ್ಲಣ್ಣಾ..."

"ಸುಮ್ಕಿರಲೇ!"

ಬಾಷಾ ನಾಯಿಯ ಕೊರಳಿಗೆ ಹಗ್ಗ ಕಟ್ಟಿ ನನ್ನ ಕೈಗಿತ್ತ. ಮೊದಲನೆಯ ತಪ್ಪು ಸಾಂಗವಾಗಿ ನೆರವೇರಿತು.

ಮನೆಯಲ್ಲಿ ಹೆಂಡತಿ ಗೌರಮ್ಮ ರೊಟ್ಟಿ ಕಟ್ಟಿಕೊಡುತ್ತಾ, "ನಾಯಿ ಕಿವೀಲಿ ಅಡ್ರೆಸ್ ಬರ್ದಿರ್ತಾರೇನ್ರಿ?" ಎಂದಳು.

"ಓದಾಕೆ ಬರೋರಿಗೆ ಬರ್ದಿರ್ತಾರೆ!"

"ಆಯ್ತು ಪಂಡಿತ್ರೇ. ಒಡೆಯ ಸಿಗ್ಲಿಲ್ಲ ಅಂತ ಮನೆಗ್ ಮಾತ್ರ ತರ್ಬೇಡ್ರಿ."

ಬಸ್ಸಿನ ಕಂಡಕ್ಟರು ನಾಯಿಯನ್ನೂ ನನ್ನನ್ನೂ ಇಳಿಸಿದ. ಈರುಳ್ಳಿ ಟೆಂಪೋದ ಹಿಂದೆ ಮೂಟೆಗಳ ಮೇಲೆ ಹೊರಟೆವು. ತಳಕು ದಾಟುವಷ್ಟರಲ್ಲಿ ಕೆಂದ ನನ್ನ ಗಂಟು ಬಿಚ್ಚಿ ಅಷ್ಟೂ ರೊಟ್ಟಿ ತಿಂದು, ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿತು. ನೋಡಿದಿರಾ, ಒಡೆಯನ ಊರು ಹತ್ತಿರವಾದಂತೆ ಹಸಿವು ಹುಟ್ಟಿದೆ ಎಂದು ನಾನು ತೀರ್ಮಾನಿಸಿದೆ!

ಹಟ್ಟಿ ತಲುಪಿದಾಗ ಪಾಲಯ್ಯಜ್ಜ ನಾಯಿಯ ಕಿವಿಯನ್ನು ತಿರುಗಿಸಿ ನೋಡಿದ. "ಔನು, ನಮ್ ಗುರುತೇ," ಎಂದ. ನನ್ನ ಎದೆ ಎರಡಂಗುಲ ಉಬ್ಬಿತು. ಅಜ್ಜ ಕೋಲೆತ್ತಿದ.

"ಕುರಿಗೆ ಹಾಕೋ ಮನೆತನದ ಗುರುತನ್ನ ಈ ಕುಕ್ಕ ನಾಯಿಗೆ ಹಾಕಿದೋನು ಯಾವನಯ್ಯಾ? ನಮ್ ಮಾನ ಕಳೀತೀಯಾ?"

"ನಾನಲ್ಲಜ್ಜಾ! ನಿಮ್ದೇ ನಾಯಿ ಅಂತ..."

"ಕುರಿ ತಪ್ಪಿಸ್ಕೊಂತದೆ, ಗುರುತು ಬೇಕು. ನಾಯಿಗೆ ತನ್ನ ಮನೆ ತನಗೇ ಗೊತ್ತಿರ್ತದೆ. ಅದಕ್ಯಾಕಯ್ಯಾ ಗುರುತು?"

ಅಷ್ಟರಲ್ಲಿ ಜನ್ಮದಲ್ಲಿ ಕುರಿ ಕಂಡಿರದ ಕೆಂದ, ಅಲ್ಲಿದ್ದ ಟಗರಿನ ಮೇಲೆ ಒಮ್ಮೆ ಬೊಗಳಿತು. ಟಗರು ತಲೆ ತಗ್ಗಿಸಿತು. ಕೆಂದ ನನ್ನ ಕಾಲಸಂದಿಗೆ ನುಗ್ಗಿತು. ನಾಯಿ ಬೇರೆ, ನಾನು ಬೇರೆ ಎಂಬ ಭೇದ ಟಗರಿಗೆ ತೋರಲಿಲ್ಲ. ಹೋಗಿ ಬಿದ್ದ ಜಾಲಿಮುಳ್ಳಿನ ಬೇಲಿಯ ಒಳಗಿನಿಂದಲೇ ನಾನು ಅಜ್ಜನಿಗೆ ಕೈಮುಗಿದೆ!

ಚಳ್ಳಕೆರೆಗೆ ಮರಳಿದಾಗ ಶೆಡ್ಡಿನಲ್ಲಿ ಊಟದ ಹೊತ್ತು. ಬಾಷಾ ತಟ್ಟೆ ಬಡಿದ. ಒಳಗೆ ಮಲಗಿದ್ದ ನಾಯಿಗಳೆಲ್ಲ ಓಡಿ ಬಂದವು. ಎಲ್ಲದರ ಎಡಗಿವಿಯಲ್ಲೂ ಅದೇ ಕಚ್ಚು! ಪಾಲಯ್ಯಜ್ಜನ ಇಡೀ ಮಂದೆಯೇ ನನ್ನ ಮುಂದೆ ಬಾಲ ಅಲ್ಲಾಡಿಸುತ್ತಿತ್ತು!

"ಮರಿ ಆಗ್ಬಾರ್ದು ಅಂತ ಆಪರೇಷನ್ ಮಾಡ್ಸಿದ ನಾಯಿಗೆಲ್ಲಾ ಹಂಗೇ ಕಿವಿ ಕತ್ತರಿಸ್ತಾರಣ್ಣಾ, ಇನ್ನೊಂದ್ಸಲ ಹಿಡೀಬಾರ್ದಲ್ಲಾ," ಎಂದ ಬಾಷಾ. "ಅವತ್ತು ಅದೇ ಹೇಳಾಕೆ ಬಂದೆ."

ನಾನು ಸೋತೆನೇ? ಇಲ್ಲ!

"ನಾನು ಹೇಳಿದ್ದೂ ಅದೇ ಅಲ್ವೇನಲೇ? ಕಿವಿ ಕತ್ತರಿಸಿದೋರದೇ ನಾಯಿ! ನೀವೇ ಒಡೇರು, ಹಿಡ್ಕೋ!" ಎಂದು ಹಗ್ಗವನ್ನು ಅವನ ಕೈಗಿತ್ತು, ಹರಿದ ಪಂಚೆಯಲ್ಲೇ ಎದೆ ಸೆಟೆಸಿ ಮನೆಗೆ ನಡೆದೆ.

ಬಾಗಿಲಲ್ಲಿ ಗೌರಮ್ಮ ನನ್ನ ಬೆನ್ನ ಹಿಂದೆಯೇ ನೋಡುತ್ತಿದ್ದಳು. ತಿರುಗಿದೆ. ಹಗ್ಗ ಎಳೆದುಕೊಂಡು ಕೆಂದ ನಿಂತಿತ್ತು. ಗೌರಮ್ಮ ಒಳಗೆ ಹೋಗಿ ಅನ್ನ ತಂದಿಟ್ಟಳು. ಕೆಂದ ತಟ್ಟೆ ನೆಕ್ಕಿ, ನಮ್ಮ ಹೊಸ್ತಿಲಿಗೆ ಅಡ್ಡವಾಗಿ ಮಲಗಿತು.

"ನಾಯಿಗೆ ತನ್ನ ಮನೆ ಗೊತ್ತಾಯ್ತು," ಎಂದಳು ಗೌರಮ್ಮ, ನನ್ನ ಮೈಯ ಮುಳ್ಳು ಕೀಳುತ್ತಾ. "ನಿಮ್ದೇ ಚಿಂತೆ ನನಗೆ. ಇನ್ನೊಂದ್ಸಲ ತಪ್ಪಿಸ್ಕೊಂಡ್ರೆ ಯಾರ ಮನೇರು ಅಂತ ಜನಕ್ಕೆ ಗೊತ್ತಾಗ್ಬೇಕಲ್ರಿ. ಕತ್ತರಿ ಎಲ್ಲೈತೆ?"

ನಾನು ಟವೆಲಿನಿಂದ ಎರಡೂ ಕಿವಿ ಬಿಗಿಯಾಗಿ ಕಟ್ಟಿಕೊಂಡೆ. ಎದೆ ಸೆಟೆಸಿಕೊಂಡೇ ನಾಯಿಯನ್ನು ದಾಟಿ ಒಳಗೆ ಹೋದೆ.